ಎರಡನೇ ಏಟು

ಚನ್ನರಾಯಪಟ್ಟಣದ ಸುತ್ತಮುತ್ತ ಮದುವೆ, ಗೃಹಪ್ರವೇಶ ಎಂದರೆ ಅಡುಗೆಯ ಪಾತ್ರೆಗಳು ಯಶೋಧರಾಳ ಅಂಗಡಿಯಿಂದಲೇ ಬಾಡಿಗೆಗೆ ಹೋಗಬೇಕು. ಅನ್ನ ಬೇಯಿಸುವ ದೊಡ್ಡ ಕೊಳಗವನ್ನು ಗಂಡಾಳುಗಳು ಇಬ್ಬರು ಸೇರಿ ಎತ್ತಿದರೆ ಆಕೆ ಒಬ್ಬಳೇ ಸೊಂಟಕ್ಕೆ ಆನಿಸಿಕೊಂಡು ಲಗೇಜ್ ಆಟೊಗೆ ಏರಿಸಿಬಿಡುತ್ತಾಳೆ. ಅಷ್ಟು ಗಟ್ಟಿ ತೋಳಿನ ಹೆಂಗಸು, ಬೇಳೆಯಲ್ಲಿ ಹುಳು ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹಿತ್ತಲಲ್ಲಿ ಬಿಟ್ಟು ಬರುತ್ತಾಳೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಜೈನರ ಮನೆಗಳಲ್ಲಿ ಇದೇನೂ ದೊಡ್ಡ ವಿಷಯವಲ್ಲ. ಆದರೆ ಇಂಥವಳ ಮೇಲೆ ಈಗ ಕರಾವಳಿಯ ಕೋರ್ಟೊಂದರಲ್ಲಿ ಮೂಳೆ ಮುರಿಯುವಂತೆ ಹೊಡೆದ ಕೇಸು ನಡೆಯುತ್ತಿದೆ.

ಆಕೆಯ ತಂಗಿ ಸಿದ್ಧಿ. ತಾಯಿ ತೀರಿಕೊಂಡಾಗ ಇನ್ನೂ ತೊದಲುತ್ತಿದ್ದ ಮಗು. ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಕಾಲೇಜಿಗೆ ಸೇರಿಸಿದ್ದು ಎಲ್ಲ ಅಕ್ಕನೇ. ಹಾಸನದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಅತಿಶಯ್ ಎಂಬ ಹುಡುಗನನ್ನು ತಂದೆ ಧರಣೇಂದ್ರಯ್ಯ ಹುಡುಕಿ ತಂದರು. ಅಂಗಡಿಗೆ ಬಂದವರ ಹತ್ತಿರ ಅವನದು ಮೆತ್ತಗಿನ ಮಾತು. ಮದುವೆಯಾದ ಮೇಲೆ ಸಿದ್ಧಿಯ ಮೈಮೇಲೆ ಆಗಾಗ ಕಂದುಗಟ್ಟಿದ ಗುರುತು ಕಾಣತೊಡಗಿತು. ಕೇಳಿದರೆ, “ಸ್ಟೂಲಿಂದ ಬಿದ್ದೆ ಕಣಕ್ಕ” ಎನ್ನುತ್ತಿದ್ದಳು. ಯಶೋಧರಾ ತಂದೆಗೆ ಹೇಳಿದಾಗ ಅವರು, “ಗಂಡ ಎಂಡ್ತಿ ಅಂದ್ಮೇಲೆ ಇರುತ್ತೆ. ನೀನು ಮಧ್ಯೆ ಬಾಯಾಕ್ಬೇಡ” ಎಂದರು.

ಕಳೆದ ಚಳಿಗಾಲದಲ್ಲಿ ಸಮುದ್ರಕ್ಕೆ ಹೋಗಿಬರೋಣ ಎಂದು ಹೊರಡಿಸಿದವನು ಅತಿಶಯನೇ. ಅವನು, ಸಿದ್ಧಿ, ಯಶೋಧರಾ, ಆಕೆಯ ಗಂಡ ಸನ್ಮತಿ ನಾಲ್ವರೇ ಕಾರಿನಲ್ಲಿ ಶಿರಾಡಿ ಘಾಟಿ ಇಳಿದರು. ತೀರದ ಕಪ್ಪು ಬಂಡೆಗಳ ನಡುವಿನ ಹೊಂಡಗಳಲ್ಲಿ ನೀರು ನಿಂತಿತ್ತು. ಸಿದ್ಧಿ ಚೂಡಿದಾರ ಮೇಲೆತ್ತಿಕೊಂಡು ಕುಕ್ಕರಗಾಲಲ್ಲಿ ಕೂತು, ಶಂಖದ ಚಿಪ್ಪನ್ನೇ ಹೊತ್ತುಕೊಂಡು ಓಡುವ ಒಂದು ಏಡಿಯನ್ನು ನೋಡಿ ನಗುತ್ತಿದ್ದಳು. ಅಕ್ಕ ಅವಳ ನಗು ಕೇಳಿ ಬಹಳ ಕಾಲವಾಗಿತ್ತು.

“ಅಲ್ಲಿ ಕಯಾಕ್‌ನೋನು ಕಾಯ್ತಾವ್ನೆ, ಇಲ್ಲಿ ಏಡಿ ನೋಡ್ತಾ ಕೂತವ್ಳೆ,” ಎನ್ನುತ್ತ ಬಂದ ಅತಿಶಯ್ ಆ ಏಡಿಯ ಮೇಲೆ ಹಿಮ್ಮಡಿ ಊರಿದ. ಚಿಪ್ಪು ಲಟಕ್ಕೆಂದಿತು. ಅವನು ಕಾಲನ್ನು ಇನ್ನೊಂದು ಸಲ ತಿರುವಿ ತೆಗೆದ. ಸಿದ್ಧಿ ತಟ್ಟನೆ ಎದ್ದು ಅವನ ಹಿಂದೆ ನಡೆದಳು.

ಕಯಾಕ್ ಎಂದರೆ ಪ್ಲಾಸ್ಟಿಕ್ಕಿನ ಕಿರುದೋಣಿ. ಒಂದರಲ್ಲಿ ಇಬ್ಬರು ಕೂರಬಹುದು. ಸನ್ಮತಿ ಅಲೆ ನೋಡಿಯೇ ಹೆದರಿ ದಡದಲ್ಲಿ ಉಳಿದ. ಯಶೋಧರಾ ದೋಣಿ ನಡೆಸುವವನ ಜೊತೆ ಕೂತಳು. ಇನ್ನೊಂದರಲ್ಲಿ ಮುಂದೆ ಸಿದ್ಧಿ, ಹಿಂದೆ ಅತಿಶಯ್. “ಅಲೆಗೆ ಅಡ್ಡ ಮಾಡ್ಬೇಡಿ ಆಯ್ತಾ, ಮಗುಚ್ತದೆ,” ಎಂದು ದೋಣಿಯವನು ಕೂಗಿ ಹೇಳಿದ.

ಅಲೆಗಳು ಒಡೆಯುವ ಜಾಗ ದಾಟಿದ ಮೇಲೆ ಸಿದ್ಧಿ ಎಡಕ್ಕೆ ಹಾಕಬೇಕಾದ ಹುಟ್ಟನ್ನು ಬಲಕ್ಕೆ ಹಾಕಿದಳು. ಅತಿಶಯ್ ತನ್ನ ಹುಟ್ಟೆತ್ತಿ ಅವಳ ಹೆಗಲಿಗೆ ಬಾರಿಸಿದ. ಸದ್ದು ಈ ದೋಣಿಗೂ ಕೇಳಿತು. ಸಿದ್ಧಿ ತಿರುಗಿ ನೋಡುವಷ್ಟರಲ್ಲಿ ಇನ್ನೊಂದು ಬಿತ್ತು, ಕಿವಿಯ ಮೇಲೆ. ದೋಣಿ ಅಡ್ಡವಾಯಿತು, ಅಲೆ ಬಂದು ಮಗುಚಿ ಹಾಕಿತು.

ಇಬ್ಬರೂ ಲೈಫ್ ಜಾಕೆಟ್ ತೊಟ್ಟಿದ್ದರಿಂದ ತೇಲಿದರು. ಸಿದ್ಧಿ ಮಗುಚಿದ ದೋಣಿಯನ್ನು ತಬ್ಬಿಕೊಂಡಳು. ಅತಿಶಯ್ ಈಜಿ ಬಂದು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮುಖವನ್ನು ನೀರಿಗೆ ಅದುಮಿದ. “ಎಲ್ಲಾ ನಿನ್ನಿಂದ್ಲೇ ಕಣೇ! ಕುಡಿ!” ಎತ್ತಿದ, ಮತ್ತೆ ಅದುಮಿದ.

“ಗಾಬರಿಯಲ್ಲಿ ಹಿಡ್ಕೊಂಡದ್ದು,” ಎಂದ ದೋಣಿಯವನು, ಬೇಗಬೇಗ ಹುಟ್ಟು ಹಾಕುತ್ತ. ಯಶೋಧರಾಗೆ ಅತಿಶಯನ ಮುಖ ಕಾಣುತ್ತಿತ್ತು. ಅದರಲ್ಲಿ ಗಾಬರಿ ಇರಲಿಲ್ಲ.

ಹತ್ತಿರವಾದೊಡನೆ ಆಕೆ ಮಂಡಿಯೂರಿ ಎದ್ದು, ಕೊಳಗ ಎತ್ತುವ ಎರಡೂ ತೋಳುಗಳಿಂದ ತನ್ನ ಹುಟ್ಟನ್ನು ಬೀಸಿ ಅವನ ಮೊಣಕೈಯ ಕೆಳಗೆ ಹೊಡೆದಳು. ಮೂಳೆ ಮುರಿಯಿತು. ಅವನು ಕಿರುಚಿ ಜಡೆ ಬಿಟ್ಟ. ಸಿದ್ಧಿ ಮೇಲೆ ಬಂದು ಉಪ್ಪುನೀರು ಕಕ್ಕಿದಳು. ಅಲ್ಲಿಗೇ ನಿಲ್ಲಬಹುದಿತ್ತು. ಅತಿಶಯ್ ಇನ್ನೊಂದು ಕೈಯನ್ನು ಅಡ್ಡ ಹಿಡಿದು, “ಅತ್ಗೆ, ಬ್ಯಾಡ,” ಎಂದ. ಆಕೆ ಮತ್ತೆ ಬೀಸಿದಳು. ಏಟು ಮೂಗಿನ ಮೇಲೆ ಬಿತ್ತು. ಅಲೆಯ ನೊರೆ ಕೆಂಪಾಯಿತು. ಮೂರನೆಯದಕ್ಕೆ ಎತ್ತಿದ ಹುಟ್ಟನ್ನು ದೋಣಿಯವನು ಹಿಂದಿನಿಂದ ಹಿಡಿದುಕೊಂಡ. “ಸಾಕು ಅಕ್ಕ, ಸತ್ತು ಹೋಗ್ತಾನೆ!”

ದಡಕ್ಕೆ ತಂದು ಹಾಕಿದರೂ ಅತಿಶಯ್ ಸುಮ್ಮನಿರಲಿಲ್ಲ. ಮೂಗಿನಿಂದ ರಕ್ತ ಸೋರುತ್ತಿದ್ದಂತೆಯೇ ಎದ್ದು, ಮರಳಿನಲ್ಲಿ ಮುದುಡಿದ್ದ ಸಿದ್ಧಿಯ ಪಕ್ಕೆಗೆ ಒದ್ದ. ಆಗ ಸನ್ಮತಿ, ಜೋರಾಗಿ ಮಾತಾಡಿಯೂ ಗೊತ್ತಿಲ್ಲದ ಮನುಷ್ಯ, ಷಡ್ಡಕನ ಮೇಲೆ ಬಿದ್ದು ಅವನನ್ನು ಮರಳಿಗೆ ಒತ್ತಿ ಹಿಡಿದ. ಅತಿಶಯ್ ಅವನ ಹೆಗಲನ್ನು ರಕ್ತ ಬರುವಂತೆ ಕಚ್ಚಿದ. ಬಲೆ ಒಣಗಿಸುತ್ತಿದ್ದ ಮೀನುಗಾರರು ಓಡಿ ಬಂದು ಬಿಡಿಸಬೇಕಾಯಿತು.

ಪೊಲೀಸ್ ಠಾಣೆಯಲ್ಲಿ ವಯಸ್ಸಾದ ಹೆಡ್ ಕಾನ್ಸ್‌ಟೇಬಲ್ ಎಲ್ಲ ಕೇಳಿಸಿಕೊಂಡು, “ನೋಡಿ ಅಮ್ಮ, ಬಿಡಿಸ್ಲಿಕ್ಕೆ ಹೋದಾಗ ತಾಗಿತು ಅಂತ ಹೇಳಿದ್ರೆ ನಿಮಗೆ ಒಳ್ಳೇದು,” ಎಂದ.

“ಮೊದಲ್ನೇದು ಬಿಡ್ಸೋಕೆ ಸಾ. ಎರಡ್ನೇದು ಹೊಡೀಬೇಕು ಅಂತ್ಲೇ ಹೊಡ್ದೆ. ಅಂಗೇ ಬರ್ಕೊಳಿ.”

ಅವನು ಹಾಗೆಯೇ ಬರೆದುಕೊಂಡ. ಹೀಗೆ ಎರಡು ಕೇಸುಗಳಾದವು: ಹೆಂಡತಿಯನ್ನು ಕೊಲ್ಲಲು ಹೋದ ಅತಿಶಯನ ಮೇಲೆ ಒಂದು, ಯಶೋಧರಾಳ ಮೇಲೆ ಇನ್ನೊಂದು.

ಊರಿಗೆ ಬಂದ ಮೇಲೆ ಧರಣೇಂದ್ರಯ್ಯ ರಾಜಿಯ ಮಾತೆತ್ತಿದರು. “ಇಂಸೆ ಮಾಡ್ಬುಟ್ಟು ಬಂದಿದೀಯಲ್ಲ, ನಮ್ಮ ಧರ್ಮ ಏನು, ಕುಲ ಏನು?” ಎಂದು ದೊಡ್ಡ ಮಗಳನ್ನು ಬೈದರು. ಯಶೋಧರಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಸಿದ್ಧಿ ಒಳಗಿನಿಂದ ಬಂದಳು. ತಂದೆಗೆ ಬೆನ್ನು ತಿರುಗಿಸಿ ರವಿಕೆಯನ್ನು ಹೆಗಲಿಂದ ಜಾರಿಸಿದಳು. ಹುಟ್ಟಿನ ಏಟಿನ ಬಾಸುಂಡೆಯ ಅಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯ ಹಳೇ ಸುಟ್ಟಗಾಯವಿತ್ತು.

“ಇದ್ಯಾವ ಧರ್ಮ ಅಪ್ಪಾಜಿ?” ಎಂದಳು.

ಧರಣೇಂದ್ರಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಗೆ ಕೂತರು. ರಾಜಿಯ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ತಮ್ಮ ಧರ್ಮದಲ್ಲಿ ತಡೆಯಲು ಮಾಡಿದ ಹಿಂಸೆಗೆ ಸಂಸಾರಸ್ಥರಿಗೆ ವಿನಾಯಿತಿ ಉಂಟು, ಬೇಕೆಂದೇ ಮಾಡಿದ್ದಕ್ಕೆ ಇಲ್ಲ ಎಂಬುದು ಯಶೋಧರಾಗೆ ಚಿಕ್ಕಂದಿನಿಂದ ಗೊತ್ತು. ಆಕೆ ಶ್ರವಣಬೆಳಗೊಳಕ್ಕೆ ಹೋಗಿ, ಸನ್ಯಾಸಿನಿಯಾದ ಒಬ್ಬ ಮಾತಾಜಿಯವರ ಮುಂದೆ ಎಲ್ಲವನ್ನೂ ಹೇಳಿ, ಅವರು ಹೇಳಿದ ಉಪವಾಸಗಳನ್ನು ಹಿಡಿದಳು. ಉಪವಾಸದ ಒಂದು ದಿನ ತಂಗಿಗೆ ಹೇಳಿದಳು: “ಆ ಮೂಗು ಮುರ್ದಾಗ ಕೈಗೆ ಇತ ಆಯ್ತು ಕಣೇ ಸಿದ್ಧಿ. ಇನ್ನೂ ಬೇಕು ಅನ್ನುಸ್ತು. ನನ್ನೊಳಗೆ ಅಂಥದ್ದೂ ಐತೆ ಅಂತ ಗೊತ್ತೇ ಇರ್ಲಿಲ್ಲ.”

ಸಿದ್ಧಿ ಅಕ್ಕನ ತೋಳನ್ನು ಹಿಡಿದುಕೊಂಡಳು.

ಈಗ ಪಾತ್ರೆ ಅಂಗಡಿಯಲ್ಲಿ ಇಬ್ಬರೂ ಇದ್ದಾರೆ. ಹೋದ ವಾಯಿದೆಯ ದಿನ ಕೋರ್ಟಿನ ಹೊರಗೆ ಅತಿಶಯನ ಕಡೆಯವನೊಬ್ಬ ಯಶೋಧರಾಳ ಕುತ್ತಿಗೆಗೆ ಕೈಹಾಕಿ, ಗೋಡೆಗೆ ದೂಡಿದ. ಆಕೆಯ ಹಣೆ ಒಡೆಯಿತು. ಆಕೆ ಮುಷ್ಟಿ ಬಿಗಿದಳು, ಉಸಿರು ಎಳೆದುಕೊಂಡಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅಷ್ಟರಲ್ಲಿ ಸಿದ್ಧಿ ನಡುವೆ ನುಗ್ಗಿ, ಇಡೀ ಆವರಣಕ್ಕೆ ಕೇಳುವಂತೆ ಪೊಲೀಸರನ್ನು ಕೂಗಿದಳು.