ಪರದೆಗೆ ಇದ್ದ ಬಣ್ಣವೇ ಇರಲಿ

ನನ್ನ ಕಂಪ್ಯೂಟರಿನ ಪರದೆ ನೋಡಿದವರು ಮೊದಲು ಕೇಳುವುದು, ಇದು ಯಾವಾಗ ಕೆಟ್ಟಿತು ಎಂದು. ಕೆಟ್ಟಿಲ್ಲ, ನಾನು ಇಟ್ಟುಕೊಂಡಿರುವುದೇ ಹಾಗೆ. ಕರಿ ಹಲಗೆ, ಅದರ ಮೇಲೆ ಬೂದು ಅಕ್ಷರ. ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ, ಅತ್ತಿತ್ತ ಓಡಾಡುವ ಬಾಣವಿಲ್ಲ. ಇದಕ್ಕೆ ಟರ್ಮಿನಲ್ ಎಂದು ಹೆಸರು. ಅಕ್ಷರದಲ್ಲಿ ಕೇಳಿದರೆ ಅಕ್ಷರದಲ್ಲೇ ಉತ್ತರ ಕೊಡುತ್ತದೆ, ಮುಗಿಯಿತು. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಇದನ್ನು ಸರಳತೆ ಎಂದು ಕರೆದುಕೊಳ್ಳುತ್ತೇನೆ. ನನ್ನ ಹೆಂಡತಿ ಇದನ್ನು ಜಿಪುಣತನ ಎನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಟರ್ಮಿನಲ್ಲಿನ ದೊಡ್ಡ ಗುಣವೆಂದರೆ ಅದರ ಬಣ್ಣ ಎದುರಿಗೆ ಕೂತವರ ಇಷ್ಟ. ಒಬ್ಬರು ಕರಿ ಹಲಗೆ ಇಟ್ಟುಕೊಳ್ಳುತ್ತಾರೆ, ಇನ್ನೊಬ್ಬರು ಬಿಳಿ ಹಾಳೆಯಂತೆ ಮಾಡಿಕೊಳ್ಳುತ್ತಾರೆ. ಅದರೊಳಗೆ ಬಂದು ಕೆಲಸ ಮಾಡುವ ಪ್ರೋಗ್ರಾಂ ಅತಿಥಿ ಇದ್ದಂತೆ, ಹಾಸಿದ ಚಾಪೆಯ ಮೇಲೆ ಸುಮ್ಮನೆ ಕೂರಬೇಕು. ಬಣ್ಣಕ್ಕೊಂದೊಂದು ಸಂಖ್ಯೆಯಿದೆ. ಮೂವತ್ತೊಂದು ಕೆಂಪು, ಮೂವತ್ತೆರಡು ಹಸಿರು, ಮೂವತ್ತೇಳು ಬಿಳಿ. ಇನ್ನೆರಡು ಹೆಜ್ಜೆ ಮುಂದೆ ಹೋದರೆ ಮೂವತ್ತೊಂಬತ್ತು. ಅದರರ್ಥ, ಮನೆಯವರು ಅಕ್ಷರಕ್ಕೆ ಯಾವ ಬಣ್ಣ ಇಟ್ಟಿದ್ದಾರೋ ಅದೇ ಇರಲಿ ಎಂದು. ಎಷ್ಟು ಸಭ್ಯವಾದ ಸಂಖ್ಯೆ ನೋಡಿ. ಆದರೆ ಪ್ರೋಗ್ರಾಂ ಬರೆಯುವವರಲ್ಲಿ ಅಷ್ಟು ದೂರ ಎಣಿಸುವ ತಾಳ್ಮೆ ಇರುವವರನ್ನು ನಾನು ಕಂಡಿದ್ದು ಕಡಿಮೆ.

ಅವರನ್ನಷ್ಟೇ ಬೈದು ಏನು ಪ್ರಯೋಜನ? ನಮ್ಮ ಕಡೆ ಇನ್ನೊಬ್ಬರ ಗೋಡೆಗೆ ಬಣ್ಣ ಬಳಿಯುವುದು ಉಪಕಾರದ ಲೆಕ್ಕದಲ್ಲಿ ಬರುತ್ತದೆ. ಗುರುಗುಂಟಾದಲ್ಲಿರುವ ನನ್ನ ಸೋದರಮಾವ ಒಂದು ದಿನ ಹೊಲದಿಂದ ಮನೆಗೆ ಬಂದರೆ ಮನೆಯೇ ಸಿಗಲಿಲ್ಲವಂತೆ. ಬೆಳಿಗ್ಗೆ ಸುಣ್ಣದ ಗೋಡೆಯಿದ್ದ ಜಾಗದಲ್ಲಿ ಸಂಜೆಗೆ ಕಣ್ಣು ಕುಕ್ಕುವ ಹಳದಿ, ಅದರ ನಡುವೆ ಬಾಗಿಲಿಗಿಂತ ದೊಡ್ಡದಾದ ಹತ್ತಿಕಾಯಿ. ಬೀಜದ ಕಂಪನಿಯವರು ಬಂದು, ಕಟ್ಟೆಯ ಮೇಲೆ ಕೂತಿದ್ದ ಯಾರನ್ನೋ ಕೇಳಿ, ಪುಕ್ಕಟೆ ಬಳಿದು ಹೋಗಿದ್ದರು. ಅತ್ತೆ ವಾರವೆಲ್ಲ ಬೈದಳು. ಮಾವ ಮಾತ್ರ, ಸುಣ್ಣದ ಕೆಲಸ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಪಟ್ಟ.

ಇಂಥ ಉಪಕಾರವೊಂದು ಹೋದ ಸುಗ್ಗಿಯಲ್ಲಿ ನನ್ನ ಅಕ್ಕನ ತಲೆಯ ಮೇಲೆ ಬಿತ್ತು. ಅಕ್ಕ ಶರಣಮ್ಮ ಸಿಂಧನೂರಿನಲ್ಲಿ ರೈಸ್ ಮಿಲ್ಲುಗಳ ನಡುವೆ ಲಾರಿ, ಟ್ರ್ಯಾಕ್ಟರು ತೂಗುವ ಕಾಟಾ ನಡೆಸುತ್ತಾಳೆ. ಭಾವ ತೀರಿಕೊಂಡ ಮೇಲೆ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿಲ್ಲ. ಭತ್ತ ತುಂಬಿದ ಗಾಡಿಯನ್ನು ಮೊದಲು ತೂಗುವುದು, ಮಿಲ್ಲಿನಲ್ಲಿ ಇಳಿಸಿ ಬಂದ ಮೇಲೆ ಖಾಲಿ ಗಾಡಿಯನ್ನು ತೂಗುವುದು, ಕಳೆದು ಉಳಿದದ್ದು ಭತ್ತದ ನಿವ್ವಳ ತೂಕ. ಕಳೆಯುವ ಕೆಲಸ ಕಂಪ್ಯೂಟರಿನದು, ಅಲ್ಲಿಯೂ ಇದೇ ಟರ್ಮಿನಲ್. ನಿವ್ವಳವನ್ನು ಕಿಟಕಿಯಿಂದ ಕೂಗಿ ಹೇಳಿ, ರೈತ ಹೂಂ ಎಂದ ಮೇಲೆಯೇ ಚೀಟಿ ಬರೆದು ಕೊಡುವುದು ಅಕ್ಕನ ಪದ್ಧತಿ. ಅವಳು ಕೂಗಿದ ತೂಕಕ್ಕೆ ಎದುರು ಮಾತಾಡಿದವರಿಲ್ಲ. ಅದು ಅವಳ ಹೆಮ್ಮೆ.

ಕಾಟಾದ ಕೋಣೆಗೆ ಮೂರು ಕಡೆ ಕಿಟಕಿ. ಅಲ್ಲಿ ಕರಿ ಪರದೆ ಇಟ್ಟರೆ ಅಂಕಿಗಿಂತ ಮೊದಲು ನಮ್ಮ ಮುಖ, ಹಿಂದಿನ ಲಾರಿ, ಲಾರಿಯವನ ಮೀಸೆ ಕಾಣುತ್ತವೆ. ಅದಕ್ಕೇ ಅಕ್ಕ ಪರದೆಯನ್ನು ಬಿಳಿ ಮಾಡಿಸಿ, ಕಪ್ಪಕ್ಷರ ಇಡಿಸಿಕೊಂಡಿದ್ದಳು. ಮೊನ್ನೆ ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದವಳಿಗೆ ಅದು ಇನ್ನಷ್ಟು ಹಿತವಾಗಿತ್ತು.

ಅಷ್ಟರಲ್ಲಿ ಅವಳ ಮೈದುನ ಅಮರೇಶಪ್ಪನಿಗೆ ಆಧುನಿಕತೆಯ ಆಸೆ ಹುಟ್ಟಿತು. ಹಳೆಯ ಪ್ರೋಗ್ರಾಂ ತೆಗೆಸಿ, ಮಸ್ಕಿಯ ಈರಣ್ಣನಿಂದ ಹೊಸದು ಬರೆಸಿದ. ಈರಣ್ಣ ನನ್ನ ಹಳೆಯ ವಿದ್ಯಾರ್ಥಿ, ಆದ್ದರಿಂದ ಅವನ ಜಾಣತನದ ಬಗ್ಗೆ ನಾನು ಹೆಚ್ಚು ಹೇಳುವಂತಿಲ್ಲ. ಮೊದಲ ತೂಕಕ್ಕೆ ಹಸಿರು, ಎರಡನೆಯದಕ್ಕೆ ಕೆಂಪು ಬಳಿದ. ನಿವ್ವಳ ತೂಕ ಎಂದರೆ ಸತ್ಯ, ಸತ್ಯಕ್ಕೆ ವಿಭೂತಿಯಂಥ ಬಿಳಿಯೇ ಶೋಭೆ ಎಂದು ಭಕ್ತಿಯಿಂದ ಬಿಳಿ ಕೊಟ್ಟ. ಮಸ್ಕಿಯಲ್ಲಿ ತನ್ನ ಕರಿ ಪರದೆಯ ಮೇಲೆ ನೋಡಿ ಕೈಮುಗಿದನೋ ಏನೋ. ಸಿಂಧನೂರಿನ ಬಿಳಿ ಪರದೆಯ ಮೇಲೆ ಸತ್ಯ ಹೇಳಹೆಸರಿಲ್ಲದಂತೆ ಮಾಯವಾಯಿತು.

ಅಕ್ಕ ಕಾಣುವುದಿಲ್ಲ ಎಂದಳು. ಅಮರೇಶಪ್ಪ ಪರದೆ ನೋಡಿ, ತನಗೆ ಚೆನ್ನಾಗಿ ಕಾಣುತ್ತದೆ, ಪೊರೆ ತೆಗೆದದ್ದು ಫಲಿಸಿಲ್ಲ, ವೈನಿ, ಎಂದರೆ ಅತ್ತಿಗೆ, ಇನ್ನು ಮನೆಯಲ್ಲಿ ಆರಾಮಾಗಿ ಇರಲಿ, ಕಾಟಾ ತಾನು ನೋಡಿಕೊಳ್ಳುತ್ತೇನೆ ಎಂದ. ಮಿಲ್ಲಿನ ಗುಮಾಸ್ತ ಬಗ್ಗಿ ನೋಡಿ, ಸ್ವಲ್ಪ ಸಣ್ಣಗೆ ಕಾಣುತ್ತದೆ ಎಂದ. ಲಾರಿಯ ಡ್ರೈವರನೊಬ್ಬ, ಕಾಣದೆ ಏನು, ಎಂದ. ಕಾಣುವುದಿಲ್ಲ ಎಂದರೆ ಅವನಿಗೆ ನಾಳೆ ಲಾರಿ ಕೊಡುವವರು ಯಾರು?

ಅಕ್ಕ ನನಗೆ ಫೋನ್ ಮಾಡಿದಳು. "ಕುರ್ಚಿ ಹೋದರ ಹೋಗ್ಲಿ ತಮ್ಮ. ಕುರುಡಿ ಅನ್ನಿಸ್ಕೊಂಡು ಹೆಂಗ ಎದ್ದು ಹೋಗ್ಲಿ?" ಎಂದಳು. ಅಕ್ಕ ಅಳುವವಳಲ್ಲ.

ಮರುದಿನವೇ ಬಸ್ಸು ಹತ್ತಿ ಹೋದೆ. ಕಾಟಾದ ಮೇಲೆ ದಢೇಸುಗೂರಿನ ರೈತನೊಬ್ಬನ ಖಾಲಿ ಟ್ರ್ಯಾಕ್ಟರು ನಿಂತಿತ್ತು. ಅವನ ಭತ್ತ ಮಿಲ್ಲಿನಲ್ಲಿ ಇಳಿದಾಗಿತ್ತು, ನಿವ್ವಳ ಕೂಗುವುದೊಂದೇ ಬಾಕಿ. ಎಲ್ಲರೂ ಕಂಪ್ಯೂಟರ್ ಮೇಷ್ಟರು ಬಂದರು ಎಂದು ದಾರಿ ಬಿಟ್ಟರು. ನೋಡಿದೆ. ಹಸಿರು ಕಂಡಿತು, ಕೆಂಪು ಕಂಡಿತು, ನಿವ್ವಳದ ಜಾಗದಲ್ಲಿ ಬಟಾಬಯಲು. ಚಷ್ಮಾ ತೆಗೆದು ಒರೆಸಿ ಮತ್ತೆ ನೋಡಿದೆ. ಬಯಲು ಇನ್ನೂ ಸ್ವಚ್ಛವಾಯಿತು. ಅಮರೇಶಪ್ಪ, ಗುಮಾಸ್ತ, ಡ್ರೈವರ್ ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇಷ್ಟು ಜನಕ್ಕೆ ಕಂಡದ್ದು ಪಾಠ ಹೇಳುವ ನನಗೆ ಕಾಣುವುದಿಲ್ಲ ಎಂದರೆ ಮರ್ಯಾದೆ ಉಳಿಯುತ್ತದೆಯೇ? ಏನೋ ಇದೆ ಎಂದುಬಿಟ್ಟೆ. ಈರಣ್ಣನಿಗೆ ಫೋನ್ ಹಚ್ಚಿದರೆ, ತನ್ನ ಕಂಪ್ಯೂಟರಿನಲ್ಲಿ ಬಹಳ ಛಲೋ ಕಾಣುತ್ತದೆ ಎಂದ. ಈ ಉತ್ತರವನ್ನು ನಾನೇ ಕಲಿಸಿರಬೇಕು.

ಅಕ್ಕ ನನ್ನ ಮುಖ ನೋಡಿದಳು. ತಮ್ಮನೂ ಕೈಬಿಟ್ಟ ಎಂದುಕೊಂಡಳೇನೋ. ಕುರ್ಚಿಯಿಂದ ಎದ್ದು ನಿಂತು, "ಅಮರೇಶಪ್ಪ, ನನಗ ಕಾಣವಲ್ದು. ನಿನಗ ಕಾಣ್ತೈತೆಲ್ಲ, ನೀನ ಕುಂತು ಕೂಗು" ಎಂದಳು.

ಅವನು ಗತ್ತಿನಿಂದ ಕೂತ. ಪರದೆಯನ್ನು ದಿಟ್ಟಿಸಿದ. ಆಮೇಲೆ ಕತ್ತು ಮೆಲ್ಲಗೆ ಕಿಟಕಿಯ ಕಡೆ ತಿರುಗಿತು. ಹೊರಗೆ ಕಂಬದ ಮೇಲೆ ದೊಡ್ಡ ಕೆಂಪು ಅಂಕಿಗಳ ಪೆಟ್ಟಿಗೆಯೊಂದಿದೆ. ಕಾಟಾದ ಮೇಲೆ ಆ ಹೊತ್ತಿಗೆ ಏನು ನಿಂತಿದೆಯೋ ಅದರ ತೂಕ ತೋರಿಸುವುದು ಅದರ ಕೆಲಸ. ಅಮರೇಶಪ್ಪ ಅದನ್ನು ನೋಡಿಕೊಂಡು, ಪರದೆಯ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು ಕೂಗಿಯೇಬಿಟ್ಟ.

ದಢೇಸುಗೂರಿನ ರೈತ ಹೂಂ ಅನ್ನಲಿಲ್ಲ. ಟ್ರ್ಯಾಕ್ಟರಿನಿಂದ ಇಳಿದು ಕಿಟಕಿಯ ಹತ್ತಿರ ಬಂದ. "ಸಾವ್ಕಾರ್ರ, ಅದು ನನ್ನ ಖಾಲಿ ಟ್ರ್ಯಾಕ್ಟರಿಂದು ತೂಕ. ನನ್ನ ನೆಲ್ಲು ಯಾ ಕಡೆ ಹೋತ್ರಿ?"

ಮೊದಲು ನಕ್ಕವನು ಡ್ರೈವರ್. ಗುಮಾಸ್ತ, ತನಗೂ ಸರಿಯಾಗಿ ಕಂಡಿರಲಿಲ್ಲ ಎಂದು ಸೇರಿಸಿದ. ನಾನು ಸಂದರ್ಭ ನೋಡಿ ಧೈರ್ಯ ತಂದುಕೊಂಡು, ಬಿಳಿಯ ಮೇಲೆ ಬಿಳಿ ಬರೆದರೆ ಯಾರಪ್ಪನಿಗೂ ಕಾಣುವುದಿಲ್ಲ ಎಂದು ದೊಡ್ಡ ದನಿಯಲ್ಲಿ ವಿವರಿಸಿದೆ. ಎಲ್ಲರೂ ತಲೆದೂಗಿದರು. ಅಕ್ಕ ಮಾತ್ರ ನನ್ನನ್ನು ನೋಡಿದ ರೀತಿಗೆ ನಾನು ಮತ್ತೊಮ್ಮೆ ಚಷ್ಮಾ ಒರೆಸಿಕೊಳ್ಳಬೇಕಾಯಿತು.

ಮಧ್ಯಾಹ್ನ ಈರಣ್ಣ ಬೈಕಿನ ಮೇಲೆ ಬಂದ. ಹಾಗಾದರೆ ಕರಿ ಹಾಕಲೇ, ನೀಲಿ ಹಾಕಲೇ ಎಂದು ಉತ್ಸಾಹದಿಂದ ಕೇಳಿದ. "ನೀ ಏನೂ ಹಾಕಬ್ಯಾಡಪಾ," ಎಂದಳು ಅಕ್ಕ. "ಹಾಕಬೇಕಾದ್ದು ನಾ ಮೊದಲ ಹಾಕೀನಿ." ಅವನು ತನ್ನ ಬಣ್ಣಗಳನ್ನೆಲ್ಲ ಅಳಿಸಿ ಮೂವತ್ತೊಂಬತ್ತು ಬರೆದ. ಬಿಳಿಯ ಮೇಲೆ ಕಪ್ಪಗೆ ನಿವ್ವಳ ತೂಕ ಮೂಡಿತು. ಅಕ್ಕ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತಳು. ಅವಳನ್ನು ಏಳು ಎನ್ನುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಿಡಲು ಅಮರೇಶಪ್ಪನೇ ಬಂದ. ಬಸ್ಸು ಕಾಯುವಾಗ ಆ ಕಡೆ ಈ ಕಡೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ.

"ಮೇಷ್ಟ್ರ, ನಿಮಗ ಖರೇನ ಏನರ ಕಂಡಿತ್ತೇನ್ರಿ?"

ಇಲ್ಲ ಎಂದೆ. ಅವನು ಉಸಿರು ಬಿಟ್ಟ. ಅಷ್ಟು ದಿನವೂ ತನ್ನೊಬ್ಬನಿಗೇ ಕಾಣುತ್ತಿಲ್ಲ, ತನ್ನ ಕಣ್ಣುಗಳೇ ಹೋಗುತ್ತಿವೆ ಎಂದು ಪಾಪ ಒಳಗೇ ಹೆದರಿ ಸತ್ತಿದ್ದನಂತೆ.

"ಹಂಗಾರ ನನ್ನ ಕಣ್ಣು ನೆಟ್ಟಗ ಅದಾವಲ್ರಿ?"

"ಅದನ್ನ ನಿಮ್ಮ ವೈನಿನ್ನ ಕೇಳಪಾ," ಎಂದೆ. "ನಮ್ಮೆಲ್ಲಾರೊಳಗ ಕಾಣವಲ್ದು ಅಂತ ಹೇಳಾಕ ಬಂದಿದ್ದು ಅಕಿಗೊಬ್ಬಾಕಿಗೆ."