ನಂಜಕ್ಕ ಕಾಶಿಯಲ್ಲಿ ಬಿಟ್ಟ ಸಿಹಿ

ಬೇಕರಿ ಮುಂದೆ ಹಾಯುವಾಗ ನಂಜಕ್ಕ ಉಸಿರು ಕಟ್ಟಿ ನಡೆಯುತ್ತಿದ್ದರು. ಸೆರಗನ್ನು ಮೂಗಿಗೊತ್ತಿ, ಕಣ್ಣನ್ನು ನೆಲಕ್ಕೆ ನೆಟ್ಟು ಬಿರಬಿರನೆ ದಾಟಿ, ಆಚೆಯ ಮೆಡಿಕಲ್ ಸ್ಟೋರ್ ಸಿಕ್ಕ ಮೇಲೆಯೇ ಉಸಿರು ಬಿಡುವುದು. ನೋಡಿದವರು ಅಲ್ಲೇನೋ ಮೋರಿ ನಾರುತ್ತಿದೆ ಅಂದುಕೊಳ್ಳಬೇಕು. ಅಲ್ಲಿದ್ದದ್ದು ಆಗಷ್ಟೇ ಒಲೆಯಿಂದ ತೆಗೆದ ದಿಲ್‌ಪಸಂದ್. ನಾನೋ, ಅವರ ಹಿಂದೆ ಬೇಕೆಂದೇ ನಿಧಾನವಾಗಿ ನಡೆದು ಆ ವಾಸನೆಯನ್ನು ಎದೆ ತುಂಬ ಎಳೆದುಕೊಳ್ಳುವವಳು. ಅಮಾನಿಕೆರೆಯ ಸುತ್ತ ವಾಕಿಂಗ್ ಮಾಡಿ ಇಳಿಸಿದ ತೂಕ ಅಲ್ಲೇ ಅರ್ಧ ವಾಪಸ್ ಬರುತ್ತಿತ್ತೇನೋ.

ಇಂಥ ಹೆಂಗಸಿನ ಕಸುಬು ಒಬ್ಬಟ್ಟು ತಟ್ಟುವುದು. ತುಮಕೂರಿನ ನಮ್ಮ ಬೀದಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಚೇಳೂರಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ಗೃಹಪ್ರವೇಶ, ನಾಮಕರಣಗಳಿಗೆ ಒಬ್ಬಟ್ಟು ಮಾಡಿಕೊಟ್ಟೇ ಮಗ ಲೋಕೇಶನನ್ನು ಬೆಳೆಸಿದರು. ಅವನು ಕುಣಿಗಲ್‌ನಲ್ಲಿ ಹೆಂಡತಿಯೊಂದಿಗೆ ಇದ್ದುಕೊಂಡು ಟೆಂಪೋದಲ್ಲಿ ತೆಂಗಿನಕಾಯಿ ಸಾಗಿಸುತ್ತಾನೆ. ಬೆಳಗಾದರೆ ಗೋಡೆಯಾಚೆಯಿಂದ ಬೇಳೆ ಬೇಯುವ ವಾಸನೆ, ಆಮೇಲೆ ಬೆಲ್ಲ ಕರಗುವ ವಾಸನೆ, ಆಮೇಲೆ ಏಲಕ್ಕಿ. ಈಚೆ ನಾನು ಓಟ್ಸ್ ಗಂಜಿ ಕುಡಿಯುತ್ತ ಕೂತಿರುತ್ತಿದ್ದೆ. ಅಂಥ ಶಿಕ್ಷೆ ಶತ್ರುವಿಗೂ ಬೇಡ.

ತೂಕ ಇಳಿಸಿ, ಸಿಹಿ ಬಿಡಿ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ನನಗೆ ಅದು ಮಂಡಿ ನೋವಿನ ಮಾತು. ನಂಜಕ್ಕನಿಗೆ ಶುಗರ್ ಬಂದಾಗಿತ್ತು, ಜೊತೆಗೆ ಭಯವೂ. ನಿಟ್ಟೂರಿನಲ್ಲಿದ್ದ ಅವರ ಅಕ್ಕ ಪುಟ್ಟಮ್ಮನಿಗೆ ಮೊದಲು ಹೆಬ್ಬೆರಳು ತೆಗೆದರು, ಆಮೇಲೆ ಪಾದ, ಕೊನೆಗೆ ಮಂಡಿಯವರೆಗೂ. ಆಸ್ಪತ್ರೆಯಲ್ಲಿ ಜೊತೆಗಿದ್ದವರು ಇವರೇ. ಮಾತಿನ ಮಧ್ಯೆ ಸುಮ್ಮನೆ ಬಗ್ಗಿ ತಮ್ಮ ಹೆಬ್ಬೆರಳನ್ನು ಒತ್ತಿ ನೋಡಿಕೊಳ್ಳುತ್ತಿದ್ದರು. "ನೋವು ಗೊತ್ತಾಯ್ತದೆ ಕಣೇ ಸುಜಾತ. ಗೊತ್ತಾಗೋ ಗಂಟ ಪರವಾಗಿಲ್ಲ," ಎನ್ನುತ್ತಿದ್ದರು.

ಭಯವಿದ್ದರೇನು, ನಾಲಗೆ ಕೇಳಬೇಕಲ್ಲ. ಹೂರಣದ ಉಂಡೆ ಕಟ್ಟುವಾಗ ಒಂದು ತಟ್ಟೆಗೆ, ಒಂದು ಬಾಯಿಗೆ. ಮೆಂತ್ಯದ ನೀರು ಕುಡಿದು ನೋಡಿದರು, ಲವಂಗ ಕಚ್ಚಿಕೊಂಡು ಕೆಲಸ ಮಾಡಿದರು. ಒಂದು ಸಲ ಸಕ್ಕರೆ, ಬೆಲ್ಲ ಎಲ್ಲವನ್ನೂ ಟ್ರಂಕಿಗೆ ತುಂಬಿ ಬೀಗ ಹಾಕಿ ಕೀಲಿಕೈ ನನಗೆ ಕೊಟ್ಟರು. "ನಾನು ಅತ್ತು ಕರೆದ್ರೂ ಕೊಡಬ್ಯಾಡ," ಎಂದು ಕೈಮೇಲೆ ಕೈ ಇಡಿಸಿಕೊಂಡರು. ಮಧ್ಯಾಹ್ನ ನಾಲ್ಕಕ್ಕೆ ಬಂದು ಬಾಗಿಲು ತಟ್ಟಿದರು. ನೆಂಟರು ಬಂದಿದ್ದಾರಂತೆ, ಕಾಫಿಗೆ ಸಕ್ಕರೆ ಬೇಕಂತೆ. ಯಾವ ನೆಂಟರು ಎಂದೆ. ತುಸು ಯೋಚಿಸಿ, "ಬತ್ತಾವ್ರೆ," ಎಂದರು. ನಾವಿಬ್ಬರೂ ನಕ್ಕೆವು. ನಗುತ್ತಲೇ ಅವರ ಕಣ್ಣು ತುಂಬಿಕೊಂಡಿತು. "ನನ್ ಬಾಯಿ ನಂಬಂಗಿಲ್ಲ ಕಣೇ. ನನಗೆ ನನ್ನ ಕಂಡ್ರೇ ಹೆದ್ರಿಕೆ ಆಯ್ತದೆ," ಎಂದರು. ಆ ಮಾತು ನನ್ನದೂ ಆಗಿತ್ತು.

ಆ ವರ್ಷವೇ ಅವರು ಊರಿನವರ ಜೊತೆ ಕಾಶಿಗೆ ಹೋದದ್ದು. ಕಾಶಿಗೆ ಹೋದವರು ತಮಗಿಷ್ಟವಾದ ಒಂದು ತಿನಿಸನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಆಯುಸ್ಸಿರುವವರೆಗೂ ಅದನ್ನು ಮುಟ್ಟಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಜಾಣರು ಹಾಗಲಕಾಯಿಯನ್ನೋ ಸೀಮೆಬದನೆಯನ್ನೋ ಬಿಟ್ಟು ಬರುತ್ತಾರೆ. ನಂಜಕ್ಕ ಸಿಹಿ ಬಿಟ್ಟು ಬಂದರು. ಸಕ್ಕರೆ, ಬೆಲ್ಲ, ಜೇನುತುಪ್ಪ, ಹಣ್ಣು ಸಮೇತ. ಅಷ್ಟಾಗಿದ್ದರೆ ನಾನೂ ಮೆಚ್ಚಿಕೊಂಡಿರುತ್ತಿದ್ದೆ.

"ಬರೀ ಬಿಟ್ರೆ ನಾನು ಕೇಳೋಳಲ್ಲ ಅಂತ ನನಗೆ ಗೊತ್ತಲ್ಲ," ಎಂದರು ಬೇಳೆ ಬಸಿಯುತ್ತ. "ಲೋಕೇಶನ ತಲೆ ಮ್ಯಾಲೆ ಆಣೆ ಇಟ್ಟು ಮುಳುಗ್ದೆ."

ಹಗಲೂ ರಾತ್ರಿ ಟೆಂಪೋ ಓಡಿಸುವ ಮಗ. "ನಂಜಕ್ಕ, ಅಂಥ ಆಣೆ ಯಾರಾದರೂ ಇಡ್ತಾರಾ?" ಎಂದೆ.

"ನನ್ ಕಾಲಿನ ಭಯಕ್ಕೆ ಬಾಯಿ ಬಗ್ಗಲಿಲ್ಲ. ಮಗನ ಭಯಕ್ಕಾದ್ರೂ ಬಗ್ತದೆ ಬುಡು."

ಬಗ್ಗಿತು. ಯುಗಾದಿಗೆ ಬರೀ ಬೇವು ತಿಂದರು. ಮಠದಲ್ಲಿ ಕೊಟ್ಟ ಪಾಯಸವನ್ನು ಕಣ್ಣಿಗೊತ್ತಿಕೊಂಡು ನನ್ನ ತಟ್ಟೆಗೆ ಸುರಿದರು. ಹೂರಣದ ಹದ ನೋಡಲು ಗೋಡೆಯಾಚೆಯಿಂದ ನನ್ನನ್ನು ಕೂಗುತ್ತಿದ್ದರು. ಕಸುಬು ನಡೆಯಬೇಕಲ್ಲ, ಬೆಲ್ಲ ಹೆಚ್ಚೋ ಕಮ್ಮಿಯೋ ಹೇಳಲು ಒಂದು ನಾಲಗೆ ಬೇಕು. ಅವರು ಸಣ್ಣಗಾದರು, ನಾನು ದಪ್ಪಗಾದೆ. ರವಿಕೆಗಳನ್ನೆಲ್ಲ ಹಿಡಿಸಿಕೊಂಡು ಬಂದು ಕನ್ನಡಿ ಮುಂದೆ ನಿಂತು ತೋರಿಸಿದರು. ಡಾಕ್ಟರ ಹತ್ತಿರ ಹೋಗಿ ಎಂದರೆ, "ಇಳೀತಾ ಐತಲ್ಲ, ಯಾಕೆ ಕೆಣಕಬೇಕು?" ಎನ್ನುತ್ತಿದ್ದರು. ದಪ್ಪಗಿದ್ದಾಗ ಬರೆದುಕೊಟ್ಟ ಮಾತ್ರೆಗಳನ್ನೇ ಅರ್ಧ ಮುದ್ದೆ ಉಂಡು ನುಂಗುತ್ತಿದ್ದರು. ಒಳ್ಳೆಯದೇ ಆಗುತ್ತಿದೆ ಎಂದು ನಾನೂ ನಂಬಿದ್ದೆ.

ಗುಬ್ಬಿಯ ಮದುವೆಮನೆಯೊಂದರಿಂದ ದೊಡ್ಡ ಆರ್ಡರ್ ಬಂದ ದಿನ. ಎಂದಿನಂತೆ ರುಚಿ ನೋಡಲು ಹೋದೆ. ನಂಜಕ್ಕ ಕಣಕದ ಪಾತ್ರೆ ಹಿಡಿದು ಕೂತಿದ್ದರು. ಮುಖವೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. "ಪುಟ್ಟಕ್ಕ, ಯಾವಾಗ ಬಂದೆ?" ಎಂದು ನನ್ನನ್ನು ಕೇಳಿದರು. ಕಾಲು ಕಳೆದುಕೊಂಡ ಆ ಅಕ್ಕ ಸತ್ತು ಎಷ್ಟೋ ಕಾಲವಾಗಿತ್ತು. ಶುಗರ್ ಇಳಿದರೆ ಹೀಗಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಒಂದು ಚೂರು ಸಿಹಿ ಸಾಕು, ಇಲ್ಲದಿದ್ದರೆ ಜೀವವೇ ಹೋಗಬಹುದು ಎಂದೂ ಕೇಳಿದ್ದೆ. ಅವರ ಮುಂದೆ ಕೊಪ್ಪರಿಗೆ ತುಂಬ ಹೂರಣವಿತ್ತು.

ಒಂದು ತುತ್ತು ತೆಗೆದು ಬಾಯಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡರು. ಬೈದೆ, ಬೇಡಿಕೊಂಡೆ, ದವಡೆ ಒತ್ತಿ ಹಿಡಿದೆ. ನನ್ನ ಕೈಯನ್ನು ಆಚೆ ತಳ್ಳಿದರು. "ಲೋಕೇಶ ರೋಡಲ್ಲವ್ನೆ," ಎಂದರು. ನಾಲಗೆ ತೊದಲುತ್ತಿತ್ತು, ಆ ಮಾತು ಮಾತ್ರ ಸ್ಪಷ್ಟವಾಗಿತ್ತು.

ಅಷ್ಟು ನಾನು ಯಾವತ್ತೂ ಹೆದರಿರಲಿಲ್ಲ. ಲೋಕೇಶನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಿದ. ನಾನು ಹೇಳಿದ್ದು ಅವನಿಗೆ ಎಷ್ಟು ಅರ್ಥವಾಯಿತೋ, ಸ್ಪೀಕರಿನಲ್ಲಿ ಅವನ ದನಿ ಮನೆ ತುಂಬಿತು: "ಅವ್ವಾ, ನನ್ ತಲೆ ಮೇಲಿರೋ ಆಣೆ ನಾನೇ ಬಿಡಿಸ್ತಾ ಇದೀನಿ. ಕೇಳಿಸ್ತಾ? ನಾನು ಚೆನ್ನಾಗಿದೀನಿ. ತಿನ್ನು."

ನಂಜಕ್ಕ ಬಾಯಿ ತೆರೆದರು. ಸ್ವಲ್ಪ ಹೊತ್ತಿಗೆ ಬೆವರು ಆರಿತು, ನನ್ನನ್ನು ಸುಜಾತ ಎಂದು ಕರೆದರು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವರು ಅಳಲಿಲ್ಲ. ಲೋಕೇಶ ಬಂದು ಗಾಡಿಯಿಂದ ಇಳಿಯುವವರೆಗೂ ಹೊಸ್ತಿಲು ಬಿಟ್ಟು ಏಳಲಿಲ್ಲ. ಬಂದವನ ತೋಳು, ಕಾಲು, ತಲೆ ಎಲ್ಲ ತಡವಿ ನೋಡಿದರು.

ಡಾಕ್ಟರು ಬೈದು ಮಾತ್ರೆ ಕಡಿಮೆ ಮಾಡಿದರು. "ಇನ್ಮೇಲೆ ಆಣೆಗೀಣೆ ಏನೂ ಇಲ್ಲ," ಎಂದ ಲೋಕೇಶ. ನಂಜಕ್ಕ ತಲೆಯಾಡಿಸಿ, ಅವನು ಆಚೆ ಹೋದ ಮೇಲೆ ನನಗೆ ಮೆಲ್ಲಗೆ ಹೇಳಿದರು: "ಅವ್ನು ಬಿಡಿಸಿದ್ದು ಅವತ್ತಿನ ಒಂದು ತುತ್ತಿಗೆ ಮಾತ್ರ ಕಣೇ. ಇನ್ನೊಂದು ತುತ್ತಿಗೆ ಇನ್ನೊಂದ್ಸಲ ಅವನ್ನೇ ಕೇಳಬೇಕು." ಕೇಳಿದರಾಯ್ತು ಬಿಡಿ, ಫೋನ್ ಇದೆಯಲ್ಲ ಎಂದೆ. ಫೋನಿನಲ್ಲಿ ಲೋಕೇಶನ ಫೋಟೋ ಒತ್ತಿದರೆ ಕರೆ ಹೋಗುವಂತೆ ಮಾಡಿ, ಒತ್ತುವುದನ್ನು ಕಲಿಸಿಯೂ ಕೊಟ್ಟೆ. ಆಗ ಅದು ಒಳ್ಳೆಯ ಉಪಾಯವಾಗಿ ಕಂಡಿತ್ತು.

ಆಮೇಲೆ ಅವನು ಅವರನ್ನು ಕುಣಿಗಲ್‌ಗೆ ಕರೆದುಕೊಂಡು ಹೋದ. ಒಮ್ಮೆ ನೋಡಿಕೊಂಡು ಬರಲು ಹೋಗಿದ್ದೆ. ಒಬ್ಬಟ್ಟು ತಟ್ಟುವುದು ನಿಂತಿತ್ತು. ಕೈಗಳು ಒಣಗಿದ್ದವು. ನನ್ನ ಸೊಂಟ ನೋಡಿ, "ನಾನಿಲ್ಲ, ಹೂರಣ ಇಲ್ಲ, ಆದ್ರೂ ಇಳಿದಿಲ್ಲವಲ್ಲೇ," ಎಂದು ರೇಗಿಸಿದರು. ಹೊರಡುವಾಗ ಬಸ್ ಸ್ಟ್ಯಾಂಡಿನವರೆಗೂ ಬಂದರು. "ತಿನ್ನಬೇಕು ಅನಿಸ್ದಾಗ ನನಗೆ ಫೋನ್ ಮಾಡು, ಬೈತೀನಿ," ಎಂದರು. ಅದೇ ಕೊನೆ.

ಸೊಸೆ ಸಂತೆಗೆ ಹೋಗಿದ್ದ ಬೆಳಗ್ಗೆ ಮತ್ತೆ ಶುಗರ್ ಇಳಿದಿದೆ. ಈ ಸಲ ಅವರಿಗೇ ಗೊತ್ತಾಗಿದೆ. ಒಳಗಿನಿಂದ ಬೆಲ್ಲದ ಅಚ್ಚು ತಂದು ತಟ್ಟೆಯಲ್ಲಿ ಪಕ್ಕಕ್ಕೆ ಇಟ್ಟುಕೊಂಡಿದ್ದರು. ಮಾರ್ಕೆಟ್ಟಿನಲ್ಲಿ ಕಾಯಿ ಇಳಿಸುತ್ತಿದ್ದ ಲೋಕೇಶನ ಫೋನು ಟೆಂಪೋದೊಳಗೆ ಚಾರ್ಜಿಗಿತ್ತು. ನಾನು ಮಣ್ಣಿಗೆ ಹೋದಾಗ ಅವನು ಅದನ್ನು ನನ್ನ ಕೈಗೆ ಕೊಟ್ಟ. "ನೋಡಿ ಅಕ್ಕ," ಎಂದ. ಪರದೆಯ ತುಂಬ ಒಂದರ ಕೆಳಗೊಂದು ಅವ್ವ, ಅವ್ವ, ಅವ್ವ. ಬೆಲ್ಲಕ್ಕೆ ಹಲ್ಲು ತಾಗಿರಲಿಲ್ಲವಂತೆ.

ಮೊನ್ನೆ ಪೂಜೆಗೆ ಒಂದಿಷ್ಟು ಕಾಯಿ ಬೇಕಿತ್ತು, ಲೋಕೇಶನಿಗೆ ಫೋನ್ ಮಾಡಿದೆ. ರಿಂಗ್ ಆಯಿತೋ ಇಲ್ಲವೋ ಎತ್ತಿದ. ಟೆಂಪೋ ಗಕ್ಕನೆ ನಿಂತದ್ದು, ಹಿಂದಿನ ಗಾಡಿಯವನು ಹಾರ್ನ್ ಹೊಡೆದು ಬೈದದ್ದು ಕೇಳಿಸಿತು. "ಹೇಳಿ ಅಕ್ಕ, ಏನಾಯ್ತು?" ಎಂದ. ಕಾಯಿ ಬೇಕಿತ್ತು ಕಣೋ ಎಂದೆ.

"ಅಷ್ಟೇನಾ ಅಕ್ಕ?" ಎಂದ ಲೋಕೇಶ.