ಆಟದ ಅಟ್ಟ

ದಂಡಿನಶಿವರದ ಗುರುಶಾಂತಮ್ಮ ಮೊಬೈಲನ್ನು ಕಿವಿಯ ಪಕ್ಕ ಹಿಡಿದು ಗಡಗಡ ಅಲ್ಲಾಡಿಸಿದರೆಂದರೆ, ಜಗತ್ತಿನ ಯಾವ ಮೂಲೆಯಲ್ಲಿ ಸುಳ್ಳು ಹೇಳುತ್ತಿದ್ದವನಿಗೂ ನಾಲಿಗೆ ಒಣಗುತ್ತಿತ್ತಂತೆ. ದಬ್ಬೇಘಟ್ಟದ ಬಸ್ಸಿನಲ್ಲಿ ಒಬ್ಬರು ಇದಕ್ಕೆ ಆಣೆ ಇಟ್ಟರು. ಮಾತು ಹಂದನಕೆರೆ ಮುಟ್ಟುವ ಹೊತ್ತಿಗೆ, ಆಯಮ್ಮ ಅಲ್ಲಾಡಿಸಿದ ರಭಸಕ್ಕೆ ಜಪಾನಿನಲ್ಲೊಂದು ಗೇಮ್ ಕಂಪನಿಯ ಕಟ್ಟಡವೇ ನಡುಗಿಹೋಗಿತ್ತು.

ಕಾಯಿ ಸುಲಿಸಿ ಕೊಬ್ಬರಿ ಮಾಡುವ ಈ ಐವತ್ತು ದಾಟಿದ ಹೆಂಗಸಿಗೆ ವಿಡಿಯೊ ಗೇಮಿನ ಹುಚ್ಚು. 'ಮರಳುಗಾಡಿನ ಸವಾರ' ಎಂಬ ಕಾರ್ ರೇಸಿನಲ್ಲಿ, ನರಪಿಳ್ಳೆ ಇಲ್ಲದ ತಿರುವಿನಲ್ಲೂ ಹಾರ್ನ್ ಹೊಡೆದೇ ಮುಂದೆ ಹೋಗುವವರು. ಭಾನುವಾರ ಗೆಳೆಯರ ಜೊತೆ ರೇಸ್ ಇಲ್ಲದಿದ್ದರೆ ಅವರ ಪಾಲಿಗೆ ವಾರವೇ ಮುಗಿಯದು. ಆ ಗೆಳೆಯರಿಗಾಗಿ ವಾಟ್ಸಾಪಿನಲ್ಲಿ ಗೇಮ್ ಸುದ್ದಿಯ ಗುಂಪೊಂದನ್ನು ಕಟ್ಟಿ, 'ಆಟದ ಅಟ್ಟ' ಎಂದು ಹೆಸರಿಟ್ಟಿದ್ದರು.

ಅಟ್ಟದ ಕಾನೂನೇ ಅಲ್ಲಿಯ ಕಾನೂನು. ಅಟ್ಟಕ್ಕೆ ಹಾಕಿದ ಕಾಯಿಯನ್ನು ಕಿವಿಯ ಪಕ್ಕ ಅಲ್ಲಾಡಿಸಿ ಒಳಗಿನ ನೀರು ಬತ್ತಿದೆ ಎಂದು ಗೊತ್ತಾಗುವ ತನಕ ಯಾರೂ ಒಡೆಯುವುದಿಲ್ಲ. ಸುದ್ದಿಯೂ ಹಾಗೆಯೇ. ಗೇಮ್ ಮಾಡಿದವರೇ ಬಾಯಿಬಿಟ್ಟು ಹೇಳಿರಬೇಕು, ಇಲ್ಲವೇ ಆಡಿ ನೋಡಿಯೇ ಬರೆಯುವ ಒಬ್ಬ ಹಳೇ ವಿಮರ್ಶಕ ಹೇಳಿರಬೇಕು. ಕೆಂಪು ಬಾಣ, ಬಾಯಿ ತೆರೆದ ಮುಖ, 'ಶಾಕಿಂಗ್' ಎನ್ನುವ ವಿಡಿಯೊಗಳೆಲ್ಲ ಮೇಲೆಯೇ ಕೊಳೆಯಬೇಕು.

ಏನನ್ನಾದರೂ ಫಾರ್ವರ್ಡ್ ಮಾಡದೆ ಕಾಫಿ ಇಳಿಯದ ಪರಮೇಶನಿಗೆ ಇದು ಉಸಿರುಗಟ್ಟಿಸಿತು. ತುರುವೇಕೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅವನು ಒಂದು ಶನಿವಾರ ಸುಲಿಯುವ ಶೆಡ್ಡಿಗೇ ನುಗ್ಗಿದ.

"ಅಕ್ಕಾ, ಸವಾರ ಮೂರನೇ ಭಾಗ ಶುಕ್ರವಾರ ಬತ್ತದಂತೆ, ಫ್ರೀಯಂತೆ! ಯಾಕ್ ಹಾಕ್ತಿಲ್ಲ ನೀವು?"

"ಯಾರಂದ್ರು?"

"ಎಲ್ರೂ ಅಂತಾವ್ರೆ ಕಣ್ರೀ."

"ಆ ಎಲ್ರೂ ಅನ್ನೋನಿಗೆ ಫೋನ್ ಹಚ್ಚು, ನಾನೇ ಮಾತಾಡ್ತೀನಿ."

ಪರಮೇಶ ಕೆಂಪಗಾದ. "ಇವತ್ತು ಹಾಕ್ದಿದ್ರೆ ಎಲ್ರನ್ನೂ ನನ್ ಗುಂಪಿಗೆ ಕರ್ಕೊಂಡ್ ಹೋಯ್ತೀನಿ. ನಾಳೆ ಒಬ್ರೇ ಓಡಿಸ್ಕಳಿ."

ಗುರುಶಾಂತಮ್ಮ ಫೋನನ್ನು ಕಿವಿಗಿಟ್ಟು ಅಲ್ಲಾಡಿಸಿದರು. ಸಿಪ್ಪೆ ಸುಲಿಯುವವರೂ ಕೈ ನಿಲ್ಲಿಸಿದರು.

"ಸುದ್ದಿ ಇನ್ನೂ ಹಸಿ ಐತೆ ಕಣಪ್ಪ. ಇಳ್ಸಕಿಲ್ಲ. ಕರ್ಕೊಂಡ್ ಹೋಗು, ಬಾಗ್ಲು ಅಗಲವಾಗೇ ಐತೆ."

ಸಂಜೆಗೆ ಅಟ್ಟ ಖಾಲಿ. ಉಳಿದವಳು ಸೊಸೆ ಭಾನುಪ್ರಿಯಾ ಒಬ್ಬಳೇ. ಅತ್ತೆಯ ಗುಂಪು ಬಿಡುವ ಧೈರ್ಯ ಅವಳಿಗಿನ್ನೂ ಬಂದಿರಲಿಲ್ಲ. ಭಾನುವಾರ ಅಷ್ಟು ದೊಡ್ಡ ಮರಳುಗಾಡಿನಲ್ಲಿ ಎರಡೇ ಕಾರು ಓಡಿದವು. ಗೆದ್ದವಳೂ ಸೊಸೆಯೇ. ಗುರುಶಾಂತಮ್ಮ ಮುಖ ಊದಿಸಿಕೊಂಡರೇ ಹೊರತು ಕಾನೂನು ಸಡಿಲಿಸಲಿಲ್ಲ. ಇಬ್ಬರೇ ಇದ್ದ ಗುಂಪಿಗೂ ತಪ್ಪದೆ ಬರೆದರು: "ಇವತ್ತಿನ ಸುದ್ದಿ: ಸುದ್ದಿ ಇಲ್ಲ."

ಶುಕ್ರವಾರ ಬಂತು, ಮೂರನೇ ಭಾಗ ಬರಲಿಲ್ಲ. ಮುಂದಿನ ಶುಕ್ರವಾರವಂತೆ ಎಂದ ಪರಮೇಶ. ಆಮೇಲೆ ಯುಗಾದಿಗಂತೆ. ಅವನ ಗುಂಪಿನ ಟಿಂಗ್ ಟಿಂಗ್ ಸದ್ದು, ಅಟ್ಟ ಬಿಟ್ಟು ಹೋದವರಲ್ಲೊಬ್ಬನಾದ ಕೆಂಚಯ್ಯನಿಗೆ ತಿಪಟೂರಿನ ಕೊಬ್ಬರಿ ಹರಾಜಿನಲ್ಲೂ ಕೈಕೊಟ್ಟಿತು. ಕೂಗಿದ ರೇಟೇ ಕೇಳಿಸಲಿಲ್ಲ. ಮೊದಲು ಅವನು, ಆಮೇಲೆ ಒಬ್ಬೊಬ್ಬರೇ, ಊಟಕ್ಕೆ ತಡವಾಗಿ ಬಂದವರ ಹಾಗೆ ಸದ್ದಿಲ್ಲದೆ ಅಟ್ಟ ಹತ್ತಿದರು. ಮುಂದಿನ ರೇಸಿನಲ್ಲಿ ಗುರುಶಾಂತಮ್ಮನ ಹಾರ್ನಿಗೆ ದಾರಿ ಬಿಡದವರು ಮತ್ತೆ ಸಿಕ್ಕರು.

ಕೊನೆಗೆ ಪರಮೇಶನೂ ಬಂದ.

"ಅಕ್ಕಾ, ತಪ್ಪಾಯ್ತು ಅನ್ನಾಕೆ ಬಂದಿಲ್ಲ. ಆ ಅಲ್ಲಾಡ್ಸೋ ವಿದ್ಯೆ ಒಂದು ಹೇಳ್ಕೊಡ್ರಿ. ಸುದ್ದಿ ಹಸಿಯೋ ಒಣಗೈತೋ, ಫೋನ್‌ನಾಗೆ ಹೆಂಗ್ ಕೇಳ್ತದೆ?"

ಸಿಪ್ಪೆ ಸುಲಿಯುವವರೂ ಹತ್ತಿರ ಸರಿದರು. ಗುರುಶಾಂತಮ್ಮ ಫೋನನ್ನು ಮತ್ತೊಮ್ಮೆ ಅಲ್ಲಾಡಿಸಿ, ಸೆರಗಿನಿಂದ ಒರೆಸಿದರು.

"ನಾರಿನ ದೂಳು ಕಣಪ್ಪ. ಸ್ಪೀಕರ್ ತೂತಿನಾಗೆ ಕೂತ್ಕತ್ತದೆ."